ಸಾಂಕ್ರಾಮಿಕದ ನಡುವೆ ಕಾಮಿಕ್ ಕಾನ್: ಹೋಗುವುದೋ, ಬಿಡುವುದೋ

(ಮಡಿಕೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯವನ್ನು ಗೊತ್ತುಮಾಡಿದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಜಾತ್ರೆಗೆ ಹೋಗಬೇಕೋ ಬೇಡವೋ ಎಂದರೆ ಅರ್ಥವಾಗುತ್ತದೆ. ಚಿತ್ರಕಥೆ ಓದುವವರು ವೇಷ ಹಾಕಿಕೊಂಡು ಸೇರುವ ಸಂತೆಗೆ ಹೋಗುವುದಕ್ಕೂ ಒಂದು ಉಪನ್ಯಾಸ ಬೇಕಾ?" ಬೇಕು ಎಂದೇ ನನ್ನ ಅಭಿಪ್ರಾಯ. ಮದುವೆ, ಸಾವು, ದೇವರ ಕಾರ್ಯ ಇಂಥವುಗಳ ವಿಷಯದಲ್ಲಿ ರೋಗದ ಕಾಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಸರ್ಕಾರ ಹೇಳುತ್ತದೆ, ಊರಿನ ಹಿರಿಯರು ಹೇಳುತ್ತಾರೆ, ಮನೆಯಲ್ಲಿ ಮಾತುಕತೆಯಾಗುತ್ತದೆ. ಅಭಿಮಾನಿಗಳ ಸಮಾವೇಶದ ವಿಷಯದಲ್ಲಿ ಹಾಗಾಗುವುದಿಲ್ಲ. ಇಪ್ಪತ್ತರ ಹರೆಯದ ಹುಡುಗನೋ ಹುಡುಗಿಯೋ ಮೊಬೈಲಿನಲ್ಲಿ ಟಿಕೆಟ್ ಕೊಂಡು, ಗೆಳೆಯರೊಡನೆ ರಾತ್ರಿ ಬಸ್ ಹತ್ತಿ, ಎರಡು ದಿನ ಬೆಂಗಳೂರಿನಲ್ಲಿದ್ದು, ಸೋಮವಾರ ಬೆಳಗ್ಗೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಇಳಿಯುತ್ತಾರೆ. ನಿರ್ಧಾರ ಒಬ್ಬರದು, ಅದರ ಫಲ ಮಾತ್ರ ಮನೆಮಂದಿಗೆಲ್ಲ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಸಾಂಕ್ರಾಮಿಕವೊಂದು ಹರಡಿರುವಾಗ ಇಂಥ ಸಮಾವೇಶಕ್ಕೆ ಹೊರಡುವವರು "ನನಗೆ ಸೋಂಕು ತಗಲಬಹುದೇ" ಎಂದು ಕೇಳಿಕೊಳ್ಳುವುದಕ್ಕೆ ಮೊದಲು, "ಹಿಂತಿರುಗಿದ ಮೇಲಿನ ಐದಾರು ದಿನ ನಾನು ಯಾರ ನಡುವೆ ಇರುತ್ತೇನೆ" ಎಂದು ಕೇಳಿಕೊಳ್ಳಬೇಕು. ಎರಡನೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ದೊರೆತರೆ, ಹೋಗಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಪೋಷಕರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮ ದೇಶದಲ್ಲಿ ಕಾಮಿಕ್ ಕಾನ್ 2011ರಲ್ಲಿ ದೆಹಲಿಯಲ್ಲಿ ಆರಂಭವಾಗಿ, ಮರುವರ್ಷ ಬೆಂಗಳೂರಿಗೆ ಬಂತು. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಸಮಾವೇಶ 1970ರಿಂದ ನಡೆಯುತ್ತಿದ್ದು, ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಟೋಕಿಯೊದ ಕಾಮಿಕೆಟ್ ಎಂಬ ಸಮಾವೇಶ 1975ರಲ್ಲಿ ಆರಂಭವಾದದ್ದು. 2019ರ ಡಿಸೆಂಬರ್‌ನಲ್ಲಿ ನಾಲ್ಕು ದಿನಗಳ ಅವಧಿಯಲ್ಲಿ ಅಲ್ಲಿಗೆ ಬಂದವರ ಸಂಖ್ಯೆ ಸುಮಾರು 7.5 ಲಕ್ಷ, ಅಂದರೆ 2011ರ ಜನಗಣತಿಯಲ್ಲಿ 5,54,519 ಇದ್ದ ಇಡೀ ಕೊಡಗಿನ ಜನಸಂಖ್ಯೆಗಿಂತಲೂ ಹೆಚ್ಚು. ಇಲ್ಲಿ ಸೇರುವ ಜನ ಸಿನಿಮಾ ಮಂದಿರದ ಪ್ರೇಕ್ಷಕರಂತೆ ಒಂದೇ ಕಡೆ ಮುಖಮಾಡಿ ಸುಮ್ಮನೆ ಕುಳಿತಿರುವುದಿಲ್ಲ. ಸಹಿಗಾಗಿ ಸಾಲು ನಿಲ್ಲುತ್ತಾರೆ, ವೇಷಧಾರಿಗಳ ಹೆಗಲಿಗೆ ಹೆಗಲು ತಾಗಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ, ಗದ್ದಲದಲ್ಲಿ ಕೇಳಿಸಲೆಂದು ಕಿವಿಯ ಬಳಿ ಬಾಯಿಟ್ಟು ಜೋರಾಗಿ ಮಾತಾಡುತ್ತಾರೆ. ಸಮಾವೇಶದಿಂದ ಮನೆಗೆ ಹೋದ ಮೇಲೆ ಬರುವ ನೆಗಡಿ ಜ್ವರಕ್ಕೆ ಅಮೆರಿಕದ ಅಭಿಮಾನಿಗಳು "ಕಾನ್ ಕ್ರಡ್" ಎಂದು ಕೋವಿಡ್‌ಗಿಂತ ಬಹಳ ಹಿಂದೆಯೇ ಹೆಸರಿಟ್ಟುಕೊಂಡಿದ್ದರು. ಜ್ವರ ಬಂದೇ ಬರುತ್ತದೆ ಎಂಬ ಲೆಕ್ಕದಲ್ಲಿಯೇ ಟಿಕೆಟ್ ಕೊಳ್ಳುವ ಒಂದು ಬಳಗ ಇದು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ.

2020ರಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ, ಬೇಗ ಮುಗಿಸುತ್ತೇನೆ. ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಸಂಭವಿಸಿದ ಬೆನ್ನಿಗೇ ನಮ್ಮ ರಾಜ್ಯದಲ್ಲಿ ಮಾಲ್, ಚಿತ್ರಮಂದಿರ, ವಸ್ತುಪ್ರದರ್ಶನಗಳನ್ನು ಮುಚ್ಚಿಸಲಾಯಿತು. ಏಪ್ರಿಲ್ 17ರಂದು ಸ್ಯಾನ್ ಡಿಯಾಗೊ ಸಮಾವೇಶ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ರದ್ದಾಯಿತು. ಮೇ ತಿಂಗಳ ಕಾಮಿಕೆಟ್ ಕೂಡ ರದ್ದಾಯಿತು. ಆ ಹಂತದಲ್ಲಿ ಯಾರೂ ಏನನ್ನೂ ನಿರ್ಧರಿಸಬೇಕಾಗಿರಲಿಲ್ಲ, ಬಾಗಿಲೇ ಮುಚ್ಚಿತ್ತು. ಕಷ್ಟವಾದದ್ದು ಬಾಗಿಲು ಅರ್ಧ ತೆರೆದಾಗ. 2021ರ ಕೊನೆಯ ತಿಂಗಳುಗಳಲ್ಲಿ ಲಸಿಕೆ ಬಂದಿತ್ತು, ಸರ್ಕಾರಗಳು ಅನುಮತಿ ಕೊಟ್ಟಿದ್ದವು, ಸಂಘಟಕರು ಟಿಕೆಟ್ ಮಾರುತ್ತಿದ್ದರು, ರೋಗ ಮಾತ್ರ ಹೋಗಿರಲಿಲ್ಲ. ಮುಂದೆ ಯಾವುದೇ ಸಾಂಕ್ರಾಮಿಕ ಬಂದರೂ ನಮ್ಮನ್ನು ಕಾಡುವುದು ಈ ಅರ್ಧ ತೆರೆದ ಬಾಗಿಲಿನ ಅವಧಿಯೇ.

ಆ ಅವಧಿಯ ಒಂದು ಸಮಾವೇಶವನ್ನು ತುಸು ಹತ್ತಿರದಿಂದ ನೋಡೋಣ. 2021ರ ನವೆಂಬರ್ 19ರಿಂದ 21ರವರೆಗೆ ನ್ಯೂಯಾರ್ಕ್‌ನಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಚಿತ್ರಗಳ ಅಭಿಮಾನಿಗಳ ಸಮಾವೇಶ ನಡೆಯಿತು. ಬಂದವರು ಸುಮಾರು 53,000 ಮಂದಿ. ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಿಂದಲೂ, 30 ಹೊರದೇಶಗಳಿಂದಲೂ ಬಂದಿದ್ದರು. ಕನಿಷ್ಠ ಒಂದು ಡೋಸ್ ಲಸಿಕೆಯ ದಾಖಲೆ ತೋರಿಸಬೇಕಿತ್ತು, ಒಳಗೆ ಮಾಸ್ಕ್ ಕಡ್ಡಾಯವಾಗಿತ್ತು, ಸಭಾಂಗಣದ ಗಾಳಿಯನ್ನು ಸೋಸುವ ಹೆಪಾ ಫಿಲ್ಟರ್ ವ್ಯವಸ್ಥೆ ಇತ್ತು. ಮಿನೆಸೋಟ ರಾಜ್ಯದಿಂದ ಬಂದಿದ್ದ ಒಬ್ಬರಿಗೆ ಒಮಿಕ್ರಾನ್ ತಗಲಿದೆ ಎಂದು ಡಿಸೆಂಬರ್ 2ರಂದು ಪ್ರಕಟವಾಯಿತು. (ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಸುದ್ದಿ ಹೊರಬಿದ್ದದ್ದೂ ಅದೇ ದಿನ. ಅವರಲ್ಲೊಬ್ಬರು ವಿದೇಶಕ್ಕೆ ಹೋದವರೇ ಅಲ್ಲ.) ನ್ಯೂಯಾರ್ಕ್‌ನ ಸಮಾವೇಶದಿಂದಲೇ ಹೊಸ ರೂಪಾಂತರಿ ಅಮೆರಿಕವೆಲ್ಲ ಹರಡಿತು ಎಂದು ಹಲವರು ಭಾವಿಸಿದರು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹುಡುಕಿದಾಗ ಕಂಡದ್ದು ಬೇರೆಯೇ. ಬಂದವರಲ್ಲಿ 4,560 ಮಂದಿಯ ಪರೀಕ್ಷಾ ಫಲಿತಾಂಶ ಸಿಕ್ಕಿತು. ಅವರಲ್ಲಿ ಪಾಸಿಟಿವ್ ಆದವರು 119 ಮಂದಿ, ಅಂದರೆ ಶೇ. 2.6. ಮಾದರಿಗಳಲ್ಲಿ 20ನ್ನು ಜೀನೋಮ್ ಪರೀಕ್ಷೆಗೆ ಒಳಪಡಿಸಿದಾಗ 15ರಲ್ಲಿ ಇದ್ದದ್ದು ಹಳೆಯ ಡೆಲ್ಟಾ, ಐದರಲ್ಲಿ ಮಾತ್ರ ಒಮಿಕ್ರಾನ್. ಸಮಾವೇಶದಲ್ಲಿ ವ್ಯಾಪಕವಾಗಿ ಸೋಂಕು ಹರಡಿದ್ದಕ್ಕೆ ಸಾಕ್ಷ್ಯ ಕಾಣಲಿಲ್ಲ ಎಂದು ವರದಿ ಹೇಳಿತು.

ಇಷ್ಟಕ್ಕೇ ನಿಲ್ಲಿಸಿದರೆ "ಹಾಗಾದರೆ ಹೋಗಬಹುದು" ಎಂದು ನೀವು ಎದ್ದು ಹೊರಡಬಹುದು. ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಬೆಲೆಯುಳ್ಳದ್ದು. ಸಮೀಕ್ಷೆಗೆ ಉತ್ತರಿಸಿದವರಲ್ಲಿ ಶೇ. 95ರಷ್ಟು ಮಂದಿ ಒಳಗಿರುವಷ್ಟು ಹೊತ್ತೂ ಮಾಸ್ಕ್ ಹಾಕಿದ್ದೆವು ಎಂದರು. ಪಾಸಿಟಿವ್ ಆದವರನ್ನೂ ನೆಗೆಟಿವ್ ಬಂದವರನ್ನೂ ಹೋಲಿಸಿ ನೋಡಿದಾಗ, ಪಾಸಿಟಿವ್ ಆದವರಲ್ಲಿ ಬಾರ್, ಕರೋಕೆ, ನೈಟ್‌ಕ್ಲಬ್‌ಗಳಿಗೆ ಹೋದವರು ಹೆಚ್ಚಾಗಿದ್ದರು, ಮುಚ್ಚಿದ ಕೋಣೆಯಲ್ಲಿ ಇತರರ ಪಕ್ಕದಲ್ಲಿ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಕುಳಿತು ತಿಂದವರು, ಕುಡಿದವರು ಹೆಚ್ಚಾಗಿದ್ದರು. ಮಿನೆಸೋಟದ ಆ ವ್ಯಕ್ತಿಯ ಜೊತೆಗಿದ್ದ ಗೆಳೆಯರ ಗುಂಪಿನ ಸುಮಾರು 30 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಪಾಸಿಟಿವ್ ಆದರು ಎಂದು ಆಗಲೇ ವರದಿಯಾಗಿತ್ತು. ಐವತ್ತು ಸಾವಿರ ಅಪರಿಚಿತರ ನಡುವೆ ಓಡಾಡಿದ್ದಕ್ಕಿಂತ ಮೂವತ್ತು ಪರಿಚಿತರ ನಡುವೆ ಕಳೆದ ಸಂಜೆಗಳು ಹೆಚ್ಚು ಅಪಾಯಕಾರಿಯಾಗಿದ್ದವು ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ.

ಕರೋಕೆ ಎಂದೆ. ಮುಚ್ಚಿದ ಜಾಗದಲ್ಲಿ ಹಾಡುವುದು ಎಷ್ಟು ಸೋಂಕು ಹರಡಬಲ್ಲದು ಎನ್ನುವುದಕ್ಕೆ ಅದಕ್ಕೂ ಹಿಂದಿನ ಉದಾಹರಣೆಯೊಂದಿದೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ವೃಂದಗಾನದ ಅಭ್ಯಾಸಕ್ಕೆ ಸೇರಿದ 61 ಮಂದಿಯಲ್ಲಿ ದೃಢಪಟ್ಟ ಮತ್ತು ಸಂಭಾವ್ಯ ಪ್ರಕರಣಗಳೆರಡೂ ಸೇರಿ 53 ಮಂದಿಗೆ ಕೋವಿಡ್ ತಗಲಿತು, ಇಬ್ಬರು ತೀರಿಹೋದರು. ಅಲ್ಲಿ ಜನಜಂಗುಳಿ ಇರಲಿಲ್ಲ. ಎರಡೂವರೆ ಗಂಟೆ ಒಂದೇ ಗಾಳಿಯನ್ನು ಹಂಚಿಕೊಂಡು ಗಂಟಲು ತೆರೆದು ಹಾಡಿದ್ದೇ ಸಾಕಾಯಿತು. ಹೀಗಾಗಿ ಸಮಾವೇಶದ ಗಾತ್ರವೊಂದನ್ನೇ ನೋಡಿ ಹೆದರುವುದೂ ಸರಿಯಲ್ಲ, ಸಮಾವೇಶ ಚಿಕ್ಕದೆಂದು ಧೈರ್ಯ ತಂದುಕೊಳ್ಳುವುದೂ ಸರಿಯಲ್ಲ.

ಈಗ ಕೊಡಗಿನಿಂದ ಹೊರಡುವವರ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಹುಡುಗ ಮೆಟ್ರೊ ಹತ್ತಿ ವೈಟ್‌ಫೀಲ್ಡ್‌ಗೆ ಹೋಗಿ ನಾಲ್ಕು ಗಂಟೆ ಸುತ್ತಾಡಿ ಮನೆಗೆ ಬಂದುಬಿಡಬಹುದು. ನಮ್ಮವರಿಗೆ ಅದು ಸಾಧ್ಯವಿಲ್ಲ. ನಮ್ಮಲ್ಲಿ ರೈಲಿಲ್ಲ, ಆರು ಗಂಟೆಯ ಬಸ್ ಪ್ರಯಾಣ, ಅದೂ ಚಳಿಯಲ್ಲೋ ಮಳೆಯಲ್ಲೋ ಕಿಟಕಿಯ ಗಾಜನ್ನೆಲ್ಲ ಎಳೆದು ಮುಚ್ಚಿದ ಬಸ್ಸಿನಲ್ಲಿ. ಕುಶಾಲನಗರ ದಾಟುವ ಹೊತ್ತಿಗೆ ಒಳಗಿನ ಉಸಿರಿಗೆ ಗಾಜೆಲ್ಲ ಮಬ್ಬಾಗಿರುತ್ತದೆ; ಬೆರಳಿನಿಂದ ಒರೆಸಿ ಹೊರಗೆ ನೋಡಬೇಕು. ಆ ಮಬ್ಬು ನಲವತ್ತು ಜನರ ಉಸಿರು. ಬೆಂಗಳೂರಿನಲ್ಲಿ ಇಳಿದ ಮೇಲೆ ಗೆಳೆಯನ ಪಿಜಿಯಲ್ಲಿ ಒಂದು ಕೋಣೆಗೆ ಐದಾರು ಮಂದಿಯ ಹಾಸಿಗೆ. ರಾತ್ರಿ ಊಟಕ್ಕೆ ಎಲ್ಲರೂ ಸೇರಿ ಎಸಿ ಹೋಟೆಲ್. ಸಮಾವೇಶದ ಸಭಾಂಗಣಕ್ಕೆ ಎತ್ತರದ ಸೂರು, ದೊಡ್ಡ ಬಾಗಿಲುಗಳು, ಮಾಸ್ಕ್ ನೋಡಿಕೊಳ್ಳಲು ಸ್ವಯಂಸೇವಕರು ಇರುತ್ತಾರೆ. ಬಸ್ಸಿಗೂ ಪಿಜಿಗೂ ಹೋಟೆಲ್‌ಗೂ ಅವು ಯಾವುವೂ ಇಲ್ಲ. ದೂರದಿಂದ ಹೋಗುವವರ ಅಪಾಯದ ಬಹುಪಾಲು ಟಿಕೆಟ್ಟಿನ ಮೇಲೆ ಅಚ್ಚಾಗಿರುವ ಸಮಯದ ಆಚೆಗಿದೆ.

ಹಿಂತಿರುಗಿದ ಮೇಲಿನ ದಿನಗಳನ್ನು ನೋಡಿ. ಬೆಂಗಳೂರಿನ ಕಾಮಿಕ್ ಕಾನ್ ಹಲವು ವರ್ಷ ನವೆಂಬರ್, ಡಿಸೆಂಬರ್ ಆಸುಪಾಸಿನಲ್ಲಿಯೇ ನಡೆದಿದೆ. ಆಗ ಇಲ್ಲಿ ಅರೇಬಿಕಾ ಕುಯ್ಲು ನಡೆಯುತ್ತಿರುತ್ತದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯೂ ಆಗಲೇ. ಸೋಮವಾರ ಊರಿಗೆ ಬಂದ ಹುಡುಗ ಆ ವಾರವೇ ಮನೆತನದ ಮೂಲ ಮನೆಯಾದ ಐನ್‌ಮನೆಗೆ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಗದ್ದೆಗೆ ಹೋಗಿ ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಎಂದು ಕೂಗುವುದು ಬಯಲಿನಲ್ಲಿ. ಆ ಕೂಗಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅದಕ್ಕೆ ಮುಂಚೆ ನಡುಮನೆಯಲ್ಲಿ ನೆರೆ (ಎಲೆಗಳ ಕಟ್ಟು) ಕಟ್ಟಲು ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ, ದೀಪದ ಸುತ್ತ ಒತ್ತೊತ್ತಾಗಿ ಕೂರುತ್ತಾರೆ, ಆಮೇಲೆ ಒಳಗೆ ಒಟ್ಟಿಗೆ ಉಣ್ಣುತ್ತಾರೆ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ, ಹಿರಿಯರು ಬಗ್ಗಿ ಹರಸುತ್ತಾರೆ. ಆ ಹೊತ್ತಿನಲ್ಲಿ ಎಂಬತ್ತರ ಅಜ್ಜಿಯ ಮುಖಕ್ಕೂ ಮೊಮ್ಮಗನ ಮುಖಕ್ಕೂ ನಡುವೆ ಒಂದು ಗೇಣಿನ ಅಂತರವೂ ಇರುವುದಿಲ್ಲ. ಅವನಿಗೆ ಜ್ವರ ಇಲ್ಲ, ಕೆಮ್ಮು ಇಲ್ಲ. ಆದರೆ ಕೋವಿಡ್‌ನ ಮೊದಲ ರೂಪದಲ್ಲಿ ಸೋಂಕು ತಗಲಿ ಲಕ್ಷಣ ಕಾಣಲು ಸರಾಸರಿ ಐದು ದಿನ ಬೇಕಾಗುತ್ತಿತ್ತು. ಡೆಲ್ಟಾದಲ್ಲಿ ನಾಲ್ಕು, ಒಮಿಕ್ರಾನ್‌ನಲ್ಲಿ ಮೂರು. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡಬಲ್ಲದು. ಶನಿವಾರ ತಗಲಿದ್ದು ಬುಧವಾರದ ಹಬ್ಬಕ್ಕೆ ಸರಿಯಾಗಿ ಹದಕ್ಕೆ ಬಂದಿರುತ್ತದೆ.

ಪುತ್ತರಿಯಿಲ್ಲದ ಮನೆಗಳ ಮಾತೂ ಇದೆ. ತೋಟದ ಮಾಲೀಕರ ಮಗನೋ ಲೆಕ್ಕ ಬರೆಯುವ ರೈಟರ ಮಗನೋ ಊರಿಗೆ ಬಂದು ಮರುದಿನ ಕಣದಲ್ಲಿ ಕಾಫಿ ಅಳೆಯಲು ನಿಂತರೆ, ಸಂಜೆ ಚೀಲ ಹೊತ್ತು ಬರುವ ಆಳುಗಳೆಲ್ಲ ಒಬ್ಬೊಬ್ಬರಾಗಿ ಅವನ ಮುಂದೆ ಹಾದುಹೋಗುತ್ತಾರೆ. ಅವರು ಮರಳುವುದು ಲೈನ್ ಮನೆಗೆ, ಅಂದರೆ ಆಳುಗಳ ಸಾಲುಮನೆಗೆ. ಒಂದು ಗೋಡೆಯ ಈಚೆ ಒಂದು ಸಂಸಾರ, ಆಚೆ ಇನ್ನೊಂದು. ಅಲ್ಲಿ "ಪ್ರತ್ಯೇಕ ಕೋಣೆಯಲ್ಲಿರಿ" ಎಂದು ಹೇಳುವುದು ಹಾಸ್ಯವಾಗುತ್ತದೆ. ದಿನಗೂಲಿಯವರಿಗೆ ಕುಯ್ಲಿನ ಕಾಲದಲ್ಲಿ ಒಂದು ವಾರ ಮಲಗುವುದೆಂದರೆ ವರ್ಷದ ಒಳ್ಳೆಯ ಸಂಪಾದನೆಯ ಒಂದು ಭಾಗ ಹೋದಂತೆ. ಅವರು ಕಾಮಿಕ್ ಕಾನ್ ಎಂಬ ಹೆಸರನ್ನೂ ಕೇಳಿರುವುದಿಲ್ಲ. ಜೊತೆಗೆ, ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ತುಂಬಿದರೆ ನಾವು ನೋಡುವುದು ಮೈಸೂರಿನ ಕಡೆಗೆ ಅಥವಾ ಮಂಗಳೂರಿನ ಕಡೆಗೆ. ಎರಡೂ ನೂರು ಕಿಲೊಮೀಟರ್‌ಗೂ ಹೆಚ್ಚಿನ ದಾರಿ. ಮಹಾನಗರದ ಹುಡುಗನ ಲೆಕ್ಕವನ್ನು ನಾವು ನಕಲು ಮಾಡಲಾಗದು.

ಎಲ್ಲ ಸಾಂಕ್ರಾಮಿಕಗಳೂ ಕೋವಿಡ್‌ನಂತೆಯೇ ಇರುತ್ತವೆ ಎಂದು ನಾನು ಹೇಳುತ್ತಿಲ್ಲ. 1918ರ ಇನ್‌ಫ್ಲುಯೆಂಜಾ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನೇ ಹೆಚ್ಚಾಗಿ ಕೊಂದಿತು. ಅಂಥ ರೋಗ ಮತ್ತೆ ಬಂದರೆ "ನನಗೇನೂ ಆಗಲ್ಲ, ಅಜ್ಜಿಗೆ ಮಾತ್ರ ಕಷ್ಟ" ಎಂಬ ಯುವಕರ ಲೆಕ್ಕ ತಲೆಕೆಳಗಾಗುತ್ತದೆ. 2003ರ ಸಾರ್ಸ್ ಹೆಚ್ಚಾಗಿ ಹರಡಿದ್ದು ಲಕ್ಷಣಗಳು ಕಾಣಿಸಿಕೊಂಡ ಮೇಲೆ, ಆದ್ದರಿಂದ ಜ್ವರ ಇದ್ದವರನ್ನು ಬೇರೆ ಇಟ್ಟು ಅದನ್ನು ಹಿಡಿದು ನಿಲ್ಲಿಸಲು ಸಾಧ್ಯವಾಯಿತು. ಕೋವಿಡ್ ಹಾಗಲ್ಲ. ಆದರೂ ಸಮಾವೇಶಗಳ ಬಾಗಿಲಲ್ಲಿ ಹಣೆಗೆ ಥರ್ಮಲ್ ಗನ್ ಹಿಡಿದು ಒಳಗೆ ಬಿಡುತ್ತಿದ್ದರು. ನೋಡುವವರಿಗೆ ಸಮಾಧಾನ, ವೈರಸ್ಸಿಗೆ ಯಾವ ಅಡ್ಡಿಯೂ ಇಲ್ಲ. ಹೀಗಾಗಿ ಹೊಸ ರೋಗವೊಂದು ಬಂದಾಗ ಮೊದಲು ತಿಳಿದುಕೊಳ್ಳಬೇಕಾದದ್ದು ಅದು ಗಾಳಿಯಿಂದ ಹರಡುತ್ತದೆಯೇ, ಲಕ್ಷಣಕ್ಕೆ ಮೊದಲೇ ಹರಡುತ್ತದೆಯೇ, ಯಾವ ಪ್ರಾಯದವರನ್ನು ಕಾಡುತ್ತದೆ ಎಂಬಷ್ಟು. ಇಷ್ಟು ಗೊತ್ತಾಗುವವರೆಗೆ, ಅಂದರೆ ಮೊದಲ ಕೆಲವು ತಿಂಗಳು, ಹೋಗದಿರುವುದೇ ಸರಿ. ಇಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

"ಅಷ್ಟು ಅಪಾಯವಿದ್ದರೆ ಸಂಘಟಕರೇ ರದ್ದು ಮಾಡುತ್ತಿದ್ದರಲ್ಲವೇ" ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಇದು ತಪ್ಪು ನಂಬಿಕೆ. ಏಕೆ ತಪ್ಪು ಎಂಬುದು ಹಣದ ಲೆಕ್ಕದಲ್ಲಿದೆ. ಸಭಾಂಗಣ, ಹೋಟೆಲ್, ಅತಿಥಿಗಳ ವಿಮಾನ, ಮಳಿಗೆಗಳ ಬಾಡಿಗೆ ಎಲ್ಲಕ್ಕೂ ತಿಂಗಳುಗಟ್ಟಲೆ ಮೊದಲೇ ಕರಾರು ಆಗಿರುತ್ತದೆ. ಸರ್ಕಾರ ಆದೇಶ ಹೊರಡಿಸಿ ನಿಲ್ಲಿಸಿದರೆ, ಅನಿವಾರ್ಯ ಸಂದರ್ಭ ಎಂಬ ಕಲಮಿನಡಿ ಸಂಘಟಕರು ಕರಾರಿನಿಂದ ಪಾರಾಗಲು ದಾರಿ ಇರುತ್ತದೆ; ತಾವಾಗಿಯೇ ನಿಲ್ಲಿಸಿದರೆ ದಂಡವೆಲ್ಲ ಅವರ ತಲೆಗೆ. ಅದಕ್ಕಾಗಿ ಅವರು ಕೊನೆಯ ಗಳಿಗೆಯವರೆಗೂ ಕಾಯುತ್ತಾರೆ, ಅದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. 2020ರ ಮಾರ್ಚ್ 12ಕ್ಕೆ ಸಿಯಾಟಲ್‌ನಲ್ಲಿ ಆರಂಭವಾಗಬೇಕಿದ್ದ ಎಮರಾಲ್ಡ್ ಸಿಟಿ ಕಾಮಿಕ್ ಕಾನ್ ನಡೆದೇ ನಡೆಯುತ್ತದೆ ಎಂದು ಹೇಳುತ್ತಲೇ ಬಂದು, ದೊಡ್ಡ ಪ್ರಕಾಶಕರು ಒಬ್ಬೊಬ್ಬರಾಗಿ ಹಿಂದೆ ಸರಿದ ಮೇಲೆ, ಮಾರ್ಚ್ 6ರಂದು ಮುಂದಕ್ಕೆ ಹೋಯಿತು. ನಡುವೆ ಉಳಿದದ್ದು ಆರೇ ದಿನ. ಮಳಿಗೆ ಹಾಕಲು ತಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿಕೊಂಡು ಕೂತಿದ್ದ ಸಣ್ಣ ಕಲಾವಿದರ ಪಾಡು ಏನಾಗಿರಬಹುದು, ಯೋಚಿಸಿ. ಸಂಘಟಕರ ಪ್ರಕಟಣೆ ಅವರ ವ್ಯವಹಾರದ ಸ್ಥಿತಿಯನ್ನು ಹೇಳುತ್ತದೆ. ನಮ್ಮ ಮನೆಯ ಸ್ಥಿತಿಯನ್ನು ಅವರು ಬಲ್ಲವರಲ್ಲ.

ಅದೇ ಸಂಘಟಕರಲ್ಲಿ ಜವಾಬ್ದಾರಿಯಿಂದ ನಡೆದುಕೊಂಡವರನ್ನು ಗುರುತಿಸುವುದೂ ಕಷ್ಟವಲ್ಲ. 2021ರ ಡಿಸೆಂಬರ್ 30 ಮತ್ತು 31ರಂದು ಕಾಮಿಕೆಟ್ ಮರಳಿ ನಡೆದಾಗ ದಿನಕ್ಕೆ 55,000 ಜನರ ಮಿತಿ ಹಾಕಿ, ಲಸಿಕೆ ಅಥವಾ ನೆಗೆಟಿವ್ ವರದಿ ಕೇಳಿದರು. 2022ರ ಜುಲೈನಲ್ಲಿ ಸ್ಯಾನ್ ಡಿಯಾಗೊದಲ್ಲಿಯೂ ಮಾಸ್ಕ್ ಜೊತೆಗೆ ಇವೆರಡರಲ್ಲಿ ಒಂದನ್ನು ತೋರಿಸಲೇಬೇಕಿತ್ತು. ನಾನು ಟಿಕೆಟ್ ಕೊಳ್ಳುವ ಮೊದಲು ಸಮಾವೇಶದ ನಿಯಮಾವಳಿಯಲ್ಲಿ ಮೊದಲು ಹುಡುಕುವುದು ಹಣ ಹಿಂದಿರುಗಿಸುವ ನಿಯಮವನ್ನು, ಅದರ ನಂತರವೇ ಮಾಸ್ಕ್‌ನ ನಿಯಮವನ್ನು. ಜ್ವರ ಬಂದವನಿಗೆ ಟಿಕೆಟ್ ಹಣ ವಾಪಸ್ ಕೊಡದ ಸಮಾವೇಶಕ್ಕೆ ಜ್ವರ ಬಂದವನು ಪ್ಯಾರಾಸಿಟಮಾಲ್ ನುಂಗಿ ಬಂದೇ ಬರುತ್ತಾನೆ.

ನಿರ್ಧಾರವನ್ನು ಯಾವಾಗ ಮಾಡಬೇಕು ಎಂಬುದನ್ನೂ ಹೇಳಬೇಕು. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಈ ಜಿಲ್ಲೆಯಲ್ಲಿ ಇದನ್ನು ವಿವರಿಸುವುದು ಸುಲಭ. ಬೆಟ್ಟದ ಇಳಿಜಾರಿನಲ್ಲಿ ಮನೆಯಿರುವವರು ಎಷ್ಟು ಮಳೆಗೆ ಮನೆ ಬಿಡಬೇಕೆಂಬುದನ್ನು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮಳೆ ಹೊಯ್ಯುತ್ತಿರುವ ನಡುರಾತ್ರಿಯಲ್ಲಿ ಕುಳಿತು ಯೋಚಿಸಿದರೆ "ಇನ್ನೊಂದು ಗಂಟೆ ನೋಡೋಣ" ಎಂಬ ಮಾತೇ ಗೆಲ್ಲುತ್ತದೆ. ಟಿಕೆಟ್ ಕೊಂಡು, ವೇಷದ ಕವಚಕ್ಕೆ ಫೋಮ್ ಕತ್ತರಿಸಿ ಬಣ್ಣ ಬಳಿದು, ಗೆಳೆಯರಿಗೆಲ್ಲ ಬರುತ್ತೇನೆಂದು ಹೇಳಿದ ಮೇಲೆ ನಮ್ಮ ಬುದ್ಧಿ ಹೋಗುವುದಕ್ಕೇ ಕಾರಣ ಹುಡುಕುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವ ದಿನವೇ, ಯಾವ ಸ್ಥಿತಿ ಬಂದರೆ ಹೋಗುವುದಿಲ್ಲ ಎಂದು ಒಂದು ಕಾಗದದ ಮೇಲೆ ಬರೆದು ಮನೆಯವರ ಕೈಗೆ ಕೊಡಿ: ಮನೆಯಲ್ಲಿ ಯಾರಿಗಾದರೂ ಆಪರೇಷನ್ ಗೊತ್ತಾದರೆ, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹಾಸಿಗೆ ತುಂಬುತ್ತಿರುವ ಸುದ್ದಿ ಬಂದರೆ, ಹೊಸ ರೂಪಾಂತರಿಯ ಸುದ್ದಿ ಬಂದು ಅದರ ಗುಣ ಇನ್ನೂ ತಿಳಿಯದಿದ್ದರೆ. ನಿಮ್ಮ ಮನೆಗೆ ತಕ್ಕಂತೆ ನೀವೇ ಬರೆದುಕೊಳ್ಳಿ. ಆಮೇಲೆ ಮಾತು ಬದಲಾಯಿಸುವುದು ಅಷ್ಟು ಸುಲಭವಾಗುವುದಿಲ್ಲ, ಏಕೆಂದರೆ ಕಾಗದ ಅಮ್ಮನ ಬಳಿ ಇರುತ್ತದೆ.

ಹಾಗಾದರೆ ಹೋಗಬಹುದಾದವರು ಯಾರು? ಲಸಿಕೆ ಪೂರ್ತಿಯಾಗಿದ್ದು, ರೋಗದ ಸ್ವಭಾವ ತಿಳಿದಿದ್ದು, ಹಿಂತಿರುಗಿದ ಮೇಲೆ ಐದು ದಿನ ಹಿರಿಯರಿಂದ ನಿಜವಾಗಿಯೂ ದೂರ ಇರಬಲ್ಲವರು ಹೋಗಬಹುದು. "ನಿಜವಾಗಿಯೂ" ಎಂಬುದಕ್ಕೆ ಒತ್ತು ಕೊಡುತ್ತೇನೆ. ಒಂದೇ ಬಚ್ಚಲು, ಒಂದೇ ಅಡುಗೆಮನೆ ಇರುವ ಮನೆಯಲ್ಲಿ ಬೇರೆ ಕೋಣೆಯಲ್ಲಿ ಮಲಗುವುದು ದೂರ ಇದ್ದಂತಲ್ಲ. ಬೆಂಗಳೂರಿನಲ್ಲಿಯೇ ಓದುವ, ಕೆಲಸ ಮಾಡುವ ಕೊಡಗಿನ ಮಕ್ಕಳಿಗೆ ಇದು ಸುಲಭ: ಸಮಾವೇಶ ಮುಗಿಸಿ ಒಂದು ವಾರ ಕಳೆದು ಊರಿಗೆ ಬಂದರಾಯಿತು, ಹಬ್ಬಕ್ಕೆ ಮೊದಲಿನ ವಾರವಾಗಿದ್ದರೆ ಸಮಾವೇಶ ಬಿಟ್ಟರಾಯಿತು. ಇಲ್ಲಿಂದ ಹೋಗಿ ಬರುವವರು ಸಂಜೆಗಳನ್ನು ಬಿಟ್ಟುಕೊಡಬೇಕು. ಹಗಲು ಸಭಾಂಗಣ, ಊಟ ಬಯಲಿನಲ್ಲಿ, ಕರೋಕೆ ಮುಂದಿನ ವರ್ಷಕ್ಕೆ. ಆ ಸಂಜೆಗಳೇ ಬೇಕು ಎನ್ನುವವರು ಹೋಗದಿರುವುದು ಒಳ್ಳೆಯದು, ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಗೆಳೆಯರೊಡನೆ ಕಳೆಯುವ ಸಂಜೆಗಾಗಿಯೇ ಬಹುತೇಕ ಜನ ಸಮಾವೇಶಕ್ಕೆ ಹೋಗುವುದು, ಅದಿಲ್ಲದೆ ಎರಡು ಸಾವಿರ ರೂಪಾಯಿ ಖರ್ಚು ಮಾಡಿ ಹೋಗಿ ಬರುವುದರಲ್ಲಿ ಹುರುಳಿಲ್ಲ ಎಂದರೆ ಅದೂ ನ್ಯಾಯವಾದ ಮಾತೇ.

ವೇಷ ಹಾಕುವವರಿಗೆ ಒಂದು ಮಾತು. ಪಾತ್ರದ ಮುಖವಾಡ ಮಾಸ್ಕ್ ಅಲ್ಲ. ಫೋಮ್‌ನಿಂದ ಮಾಡಿದ ಶಿರಸ್ತ್ರಾಣದಲ್ಲಿ ಬಾಯಿಯ ಹತ್ತಿರ ಬಿಡುವ ರಂಧ್ರಗಳಿಂದ ಉಸಿರು ಸಲೀಸಾಗಿ ಹೋಗಿಬರುತ್ತದೆ. ಅದರ ಒಳಗೆ ಎನ್95 ಹಾಕಿದರೆ ಹತ್ತು ನಿಮಿಷದಲ್ಲಿ ಬೆವರು, ಕನ್ನಡಕಕ್ಕೆ ಮಂಜು, ಕೊನೆಗೆ ಎರಡನ್ನೂ ಕಿತ್ತು ಕೈಯಲ್ಲಿ ಹಿಡಿದು ನಡೆಯುವುದು. ಬಾಯಿ ಮುಚ್ಚುವ ಪಾತ್ರವನ್ನೇ ಆರಿಸಿಕೊಂಡು, ಎನ್95 ಮೇಲೆ ಬೇರೆಯಾಗಿ ಹೊಲಿದ ಬಣ್ಣದ ತೆಳು ಬಟ್ಟೆಯ ಹೊದಿಕೆಯನ್ನು ಸಡಿಲವಾಗಿ ಹಾಕಿ ವೇಷದ ಭಾಗವನ್ನಾಗಿಸಿಕೊಳ್ಳಬಹುದು. ಮಾಸ್ಕ್‌ನ ಅಂಚು ಕೆನ್ನೆಗೆ ಕೂತಿರಬೇಕು, ಅದಕ್ಕೆ ಸೂಜಿ ಚುಚ್ಚಬಾರದು.

ಇನ್ನು ಪ್ರಶ್ನೆಗಳು. ಒಬ್ಬ ತಾಯಿ ಕೇಳಿದರು: "ಸರ್, ನಮ್ಮ ಮಗಳು ಬಂದ ದಿನವೇ ಕಿಟ್‌ನಲ್ಲಿ ಟೆಸ್ಟ್ ಮಾಡಿ ನೆಗೆಟಿವ್ ಅಂತ ತೋರಿಸ್ತಾಳೆ. ಅಷ್ಟು ಸಾಲದಾ?" ಸಾಲದು ಅಮ್ಮ. ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಮೇ ತಿಂಗಳಲ್ಲಿ ಮೊದಲು ಅನುಮತಿ ಕೊಟ್ಟಿತು, ಅದು ಉಪಯುಕ್ತವೇ. ಆದರೆ ಸೋಂಕು ತಗಲಿದ ಮೊದಲೆರಡು ದಿನ ಮೂಗಿನಲ್ಲಿ ವೈರಸ್ ಅಷ್ಟು ಇರುವುದಿಲ್ಲ. ಕಿಟ್ ನೆಗೆಟಿವ್ ತೋರಿಸುತ್ತದೆ, ಮಗಳು ಸುಳ್ಳು ಹೇಳುತ್ತಿರುವುದಿಲ್ಲ. ಬಂದ ಮೂರನೆಯ ದಿನ ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಿ. ನಡುವೆ ಅಜ್ಜಿಯ ಕೋಣೆಗೆ ಊಟ ನೀವೇ ಕೊಂಡೊಯ್ಯಿರಿ, ಅವಳ ಕೈಯಲ್ಲಿ ಕಳಿಸಬೇಡಿ. ಅವಳು ಸಿಟ್ಟಾದರೆ ಆಗಲಿ.

ಎರಡನೆಯ ಪ್ರಶ್ನೆ ವಿರಾಜಪೇಟೆಯಿಂದ ಬಂದಿದ್ದ ಹುಡುಗನದು. ಹನ್ನೆರಡು ಮಂದಿ ಸೇರಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವುದು ಬಸ್ಸಿಗಿಂತ ಕ್ಷೇಮವೇ ಎಂದು ಕೇಳಿದ. ಕಿಟಕಿ ತೆರೆದಿಟ್ಟು, ಎಸಿ ಹಾಕದೆ ಹೋದರೆ ಕ್ಷೇಮ. ಅಪರಿಚಿತರು ಕಡಿಮೆ, ಬೇಕೆಂದಲ್ಲಿ ನಿಲ್ಲಿಸಬಹುದು, ಯಾರಿಗೆ ಸೋಂಕು ಕಂಡರೂ ಉಳಿದ ಹನ್ನೊಂದು ಮಂದಿಗೆ ಅಂದೇ ಫೋನ್ ಮಾಡಿ ತಿಳಿಸಬಹುದು. ಆದರೆ ಹೊರಡುವ ಬೆಳಗ್ಗೆ ಒಬ್ಬನಿಗೆ ಗಂಟಲು ಕೆರೆಯುತ್ತಿದ್ದರೆ ಅವನು ಬಾಯಿ ಬಿಡುವುದಿಲ್ಲ. ಗಾಡಿಯ ಬಾಡಿಗೆ, ಟಿಕೆಟ್ ಎರಡೂ ಮುಳುಗುತ್ತದೆ, ಗೆಳೆಯರ ಪಾಲೂ ಹೆಚ್ಚಾಗುತ್ತದೆ ಎಂಬ ಸಂಕೋಚ ಅವನಿಗೆ. ಅದಕ್ಕೆ ನಾನು ಹೇಳಿದ್ದು ಇಷ್ಟು: ಹೊರಡುವ ಮೊದಲೇ ತಲಾ ನೂರೈವತ್ತೋ ಇನ್ನೂರೋ ರೂಪಾಯಿ ಹೆಚ್ಚಿಗೆ ಸೇರಿಸಿ ಒಬ್ಬರ ಬಳಿ ಇಡಿ. ಹುಷಾರಿಲ್ಲದೆ ಹಿಂದೆ ಉಳಿಯುವವನ ಟಿಕೆಟ್ಟಿನ ಹಣವನ್ನೂ ಗಾಡಿಯ ಪಾಲನ್ನೂ ಅದರಿಂದ ಅವನಿಗೆ ವಾಪಸ್ ಕೊಡಿ. ಯಾರೂ ಉಳಿಯದಿದ್ದರೆ ಬರುವಾಗ ಬೈಲುಕುಪ್ಪೆಯ ಹತ್ತಿರ, ಬಯಲಿನಲ್ಲಿ ಕೂರಿಸುವ ಯಾವುದಾದರೂ ಹೋಟೆಲ್‌ನಲ್ಲಿ ಎಲ್ಲರೂ ಊಟ ಮಾಡಿ. ಹನ್ನೆರಡು ಮಂದಿಯಲ್ಲಿ ಒಬ್ಬಿಬ್ಬರು ಈ ಲೆಕ್ಕಕ್ಕೆ ಒಪ್ಪದಿದ್ದರೆ ಅವರಿಗೆ ಬೇರೆ ಬಸ್ ಹಿಡಿಯಲು ಹೇಳಿ.